ಹಗೆಯ ನಡುವೆ ಉಳಿದ ಕರಾರು

2025ರ ಫೆಬ್ರವರಿ 14ರಂದು ಕಾರವಾರದ ಕದಂಬ ನೌಕಾನೆಲೆಗೆ 'ತುಶಿಲ್' ಎಂಬ ಯುದ್ಧನೌಕೆ ಬಂದು ಸೇರಿತು. 125 ಮೀಟರ್ ಉದ್ದ, ಸುಮಾರು 3,900 ಟನ್ ಭಾರದ ಈ ಹಡಗು ರಷ್ಯಾದ ಕಲಿನಿನ್‌ಗ್ರಾದ್ ಬಂದರನ್ನು 2024ರ ಡಿಸೆಂಬರ್ 17ರಂದು ಬಿಟ್ಟು, ಆಫ್ರಿಕಾ ಖಂಡವನ್ನು ಬಳಸಿ, 12,500 ನಾಟಿಕಲ್ ಮೈಲಿಗೂ ಮಿಕ್ಕಿದ ದಾರಿಯನ್ನು ಕ್ರಮಿಸಿತ್ತು. ಘಟ್ಟದ ಮೇಲೆ ತ್ಯಾಗಲಿಯಂಥ ಊರುಗಳಲ್ಲಿ ಅಡಿಕೆ ಅಂಗಳದಲ್ಲಿ ಒಣಗುತ್ತಿದ್ದ ಕಾಲವದು. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಪೇಟೆಯಲ್ಲಿ ಆ ಸುದ್ದಿಯನ್ನು ಓದಿದವರು ಹಡಗಿನ ಬಲವನ್ನು ಮೆಚ್ಚಿರಬಹುದು. ಆದರೆ ಅದರ ಹಿಂದಿರುವ ಕರಾರಿನ ಕಥೆ ವ್ಯಾಪಾರಿಗಳೂ ಧರ್ಮಸಂಸ್ಥೆಗಳ ವಿಶ್ವಸ್ತರೂ ಅವಶ್ಯವಾಗಿ ಅರಿಯತಕ್ಕದ್ದಾಗಿದೆ.

ಈ ಹಡಗು ಮೂಲತಃ ಭಾರತಕ್ಕಾಗಿ ಕಟ್ಟತೊಡಗಿದ್ದಲ್ಲ. ರಷ್ಯಾ ತನ್ನ ಕಪ್ಪುಸಮುದ್ರದ ನೌಕಾಪಡೆಗೆಂದು ಇದೇ ಮಾದರಿಯ ಆರು ಹಡಗುಗಳನ್ನು ಕಲಿನಿನ್‌ಗ್ರಾದ್‌ನ ಯಾಂತರ್ ಕಾರ್ಖಾನೆಗೆ ಒಪ್ಪಿಸಿತ್ತು. ಅವುಗಳ ಹೃದಯವೆನ್ನಬಹುದಾದ ಗ್ಯಾಸ್ ಟರ್ಬೈನ್ ಯಂತ್ರಗಳು ಬರಬೇಕಾದದ್ದು ಯುಕ್ರೇನಿನ ಮಿಕೊಲಾಯಿವ್ ನಗರದ ಜೋರ್ಯ-ಮಶ್‌ಪ್ರೊಯೆಕ್ತ್ ಕಾರ್ಖಾನೆಯಿಂದ. ಸೋವಿಯತ್ ಒಕ್ಕೂಟದ ದಿನಗಳಲ್ಲಿ ಎರಡೂ ಒಂದೇ ಮನೆಯ ಕೋಣೆಗಳಂತಿದ್ದವು. 1991ರಲ್ಲಿ ಮನೆ ಪಾಲಾಯಿತು. ವ್ಯವಹಾರ ಮಾತ್ರ ಮುಂದುವರಿಯಿತು. 2014ರಲ್ಲಿ ರಷ್ಯಾ ಕ್ರಿಮಿಯಾವನ್ನು ತನ್ನ ವಶಕ್ಕೆ ತೆಗೆದುಕೊಂಡಾಗ ಯುಕ್ರೇನ್ ಯಂತ್ರಗಳ ಸರಬರಾಜನ್ನು ನಿಲ್ಲಿಸಿತು. ಮೂರು ಹಡಗುಗಳಿಗೆ ಮಾತ್ರ ಯಂತ್ರ ದೊರೆತಿತ್ತು. ಉಳಿದ ಮೂರು ಯಂತ್ರವಿಲ್ಲದೆ ಕಟ್ಟೆಯ ಮೇಲೆಯೇ ನಿಂತವು.

ಆಗ ಭಾರತ ಕೊಳ್ಳುವವನಾಗಿ ಮುಂದೆ ಬಂದಿತು. 2016ರ ಅಕ್ಟೋಬರಿನಲ್ಲಿ ಗೋವಾದಲ್ಲಿ ಉಭಯ ಸರ್ಕಾರಗಳ ನಡುವೆ ನಾಲ್ಕು ಹಡಗುಗಳ ಒಪ್ಪಂದವಾಯಿತು. 2018ರ ಅಕ್ಟೋಬರಿನಲ್ಲಿ, ರಷ್ಯಾದಲ್ಲಿ ಪೂರ್ಣಗೊಳ್ಳಬೇಕಾದ ಎರಡಕ್ಕೆ ಸುಮಾರು 95 ಕೋಟಿ ಡಾಲರಿನ ಕರಾರು ನಿಶ್ಚಯವಾಯಿತು. ಇನ್ನೆರಡನ್ನು ಗೋವಾ ಶಿಪ್‌ಯಾರ್ಡಿನಲ್ಲಿ ಕಟ್ಟುವುದೆಂದಾಯಿತು. ರಷ್ಯಾಕ್ಕೆ ಮಾರಲೊಲ್ಲದ ಯಂತ್ರಗಳನ್ನು ಯುಕ್ರೇನ್ ಭಾರತಕ್ಕೆ ಮಾರಿತು. ಭಾರತ ಅವುಗಳನ್ನು ಕಲಿನಿನ್‌ಗ್ರಾದಿಗೆ ತಲುಪಿಸಿತು. ಪರಸ್ಪರ ಮಾತು ಬಿಟ್ಟ ದಾಯಾದಿಗಳಿಬ್ಬರ ಸರಕು ಮೂರನೆಯವನ ಲೆಕ್ಕದಲ್ಲಿ ಒಂದೇ ಹಡಗಿನಲ್ಲಿ ಕೂಡಿತು.

2021ರ ಅಕ್ಟೋಬರ್ 28ರಂದು ತುಶಿಲ್ ನೀರಿಗಿಳಿಯಿತು. ನಾಲ್ಕು ತಿಂಗಳೂ ಕಳೆಯಲಿಲ್ಲ. 2022ರ ಫೆಬ್ರವರಿ 24ರಂದು ರಷ್ಯಾ ಯುಕ್ರೇನಿನ ಮೇಲೆ ದಂಡೆತ್ತಿ ಹೋಯಿತು. ಆ ಯಂತ್ರಗಳು ಹುಟ್ಟಿದ ಮಿಕೊಲಾಯಿವ್ ನಗರದ ಮೇಲೆಯೇ ಕ್ಷಿಪಣಿಗಳು ಬಿದ್ದವು. ಇತ್ತ 2017ರಲ್ಲಿ ಅಮೆರಿಕ ಮಾಡಿದ್ದ ಕಾನೂನಿನಂತೆ ರಷ್ಯಾದಿಂದ ಶಸ್ತ್ರ ಕೊಳ್ಳುವವರ ಮೇಲೆ ದಿಗ್ಬಂಧನದ ಭಯವಿತ್ತು. ಇಷ್ಟೆಲ್ಲದರ ನಡುವೆ ತಡವಾಗಿಯಾದರೂ ಕೆಲಸ ಮುಗಿಯಿತು. 2024ರ ಡಿಸೆಂಬರ್ 9ರಂದು ರಕ್ಷಣಾ ಸಚಿವ ರಾಜನಾಥ ಸಿಂಗರ ಸಮ್ಮುಖದಲ್ಲಿ ತುಶಿಲ್, 2025ರ ಜುಲೈ 1ರಂದು ಅದರ ಜೊತೆಯ 'ತಮಾಲ್' ಭಾರತೀಯ ನೌಕಾಪಡೆಯನ್ನು ಸೇರಿದವು. ಗೋವಾದಲ್ಲಿ ಕಟ್ಟಿದ 'ತ್ರಿಪುಟ್' ಮತ್ತು 'ತವಸ್ಯ' ಕ್ರಮವಾಗಿ 2024ರಲ್ಲಿ ಹಾಗೂ 2025ರಲ್ಲಿ ನೀರಿಗಿಳಿದವು.

ಮಿಕೊಲಾಯಿವ್‌ಗೂ ಕಾರವಾರಕ್ಕೂ ಇದಕ್ಕಿಂತ ಮೊದಲೇ ನಂಟಿತ್ತು. 2014ರ ಜನವರಿಯಲ್ಲಿ ಇಲ್ಲಿಗೆ ಬಂದ ವಿಮಾನವಾಹಕ ನೌಕೆ 'ವಿಕ್ರಮಾದಿತ್ಯ'ದ ಒಡಲು ಸೋವಿಯತ್ ಕಾಲದಲ್ಲಿ ರಚಿತವಾದದ್ದು ಅದೇ ನಗರದಲ್ಲಿ. ಅದರ ನವೀಕರಣ ಮತ್ತು ಸಜ್ಜಿಕೆಗೆ 2004ರಲ್ಲಿ 97.4 ಕೋಟಿ ಡಾಲರ್ ಗೊತ್ತಾಗಿತ್ತು. ಕೆಲಸ ಅರ್ಧಕ್ಕೆ ಬಂದಾಗ ಮೊದಲಿನ ಅಂದಾಜು ಸಾಲದೆಂದು ಕಾರ್ಖಾನೆ ಹೇಳಿತು. ದೀರ್ಘ ಚೌಕಾಸಿಯ ನಂತರ 2010ರಲ್ಲಿ ಬೆಲೆ ಸುಮಾರು 235 ಕೋಟಿ ಡಾಲರಿಗೆ ಏರಿತು. ಮುಂಗಡ ಕೊಟ್ಟವನಿಗೆ ಹಿಂದೆ ಸರಿಯಲು ದಾರಿಯಿರಲಿಲ್ಲ. ಸರಕು ಮಾರುವವನ ಅಂಗಳದಲ್ಲಿತ್ತು. ಕೆಲಸವನ್ನು ಸರಿಯಾಗಿ ಅಳೆಯದೆ ಬರೆದ ಕರಾರು ಇಬ್ಬರನ್ನೂ ಹೇಗೆ ಕಟ್ಟಿಹಾಕುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಜೈನಾಚಾರ್ಯರು ಇಂಥ ಸಂದರ್ಭಗಳನ್ನು ಊಹಿಸದೆ ಇರಲಿಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾತಿಗಳು ಶ್ರಾವಕನ ಅಣುವ್ರತಗಳ ಅತಿಚಾರಗಳನ್ನು ಎಣಿಸುವಾಗ ಸತ್ಯಾಣುವ್ರತಕ್ಕೆ 'ನ್ಯಾಸಾಪಹಾರ'ವನ್ನೂ, ಅಚೌರ್ಯಾಣುವ್ರತಕ್ಕೆ 'ವಿರುದ್ಧರಾಜ್ಯಾತಿಕ್ರಮ'ವನ್ನೂ ಹೇಳಿದ್ದಾರೆ. ನಂಬಿ ಇಟ್ಟದ್ದನ್ನು ಮಾತಿನ ಜಾಣ್ಮೆಯಿಂದ ನುಂಗುವುದು ಮೊದಲನೆಯದು. ರಾಜ್ಯ ರಾಜ್ಯಗಳ ನಡುವೆ ವಿರೋಧ ಹುಟ್ಟಿದಾಗ ನ್ಯಾಯವಾದ ಮಾರ್ಗವನ್ನು ಮೀರಿ ಕೊಡುವುದು, ಕೊಳ್ಳುವುದು ಎರಡನೆಯದು. ಕದನಕಾಲದಲ್ಲಿ ಬೆಲೆಯುಳ್ಳ ವಸ್ತು ಅಗ್ಗವಾಗಿ ಕೈಗೆ ಸಿಕ್ಕುವುದೆಂಬ ಆಸೆಯೇ ಅದರ ಬೇರೆಂದು ಪೂಜ್ಯಪಾದರ ವ್ಯಾಖ್ಯಾನ ಸೂಚಿಸುತ್ತದೆ.

ತುಶಿಲ್ ನೌಕೆಯ ವ್ಯವಹಾರವನ್ನು ಈ ಒರೆಗಲ್ಲಿಗೆ ಹಚ್ಚಿ ನೋಡಬಹುದು. ಯಂತ್ರವನ್ನು ಯುಕ್ರೇನಿನಿಂದ ಬೆಲೆ ಕೊಟ್ಟು, ಅದರ ಸಮ್ಮತಿಯಿಂದಲೇ ಕೊಳ್ಳಲಾಯಿತು, ಕದ್ದುಮುಚ್ಚಿ ತಂದದ್ದಲ್ಲ. ಅದು ಸೇರಿದ್ದು ಭಾರತದ ಹಡಗನ್ನು. ಯುಕ್ರೇನಿನ ಶತ್ರುವಿನ ಹಡಗನ್ನಲ್ಲ. ಬೇರೆಯವರ ಯಂತ್ರ ತನ್ನ ಅಂಗಳದಲ್ಲಿರುವಾಗ, ತನ್ನ ಪಡೆಗೇ ಹಡಗಿನ ಕೊರತೆಯಿರುವಾಗ, ರಷ್ಯಾ ಅದನ್ನು ತನ್ನದೆನ್ನಲಿಲ್ಲ. ಇಷ್ಟರಮಟ್ಟಿಗೆ ಮೂವರೂ ಮಾತನ್ನು ಉಳಿಸಿಕೊಂಡರು. ಆದರೆ ಹಣ ಮಾತ್ರ ಯುದ್ಧ ಹೂಡಿದವನ ಬೊಕ್ಕಸವನ್ನೇ ಸೇರಿತೆಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಕರಾರು ಯುದ್ಧಕ್ಕಿಂತ ಮೊದಲಿನದು, ಹಡಗು ದೇಶರಕ್ಷಣೆಗೆ ಎಂಬುದು ಸಮಾಧಾನ. ಶಾಸ್ತ್ರ ಗೃಹಸ್ಥನಿಗೆ ಸಂಕಲ್ಪೀ ಹಿಂಸೆಯನ್ನು ಪೂರ್ಣವಾಗಿ ನಿಷೇಧಿಸಿ, ಆತ್ಮರಕ್ಷಣೆಗೆ ಅನಿವಾರ್ಯವಾದ ವಿರೋಧೀ ಹಿಂಸೆಯನ್ನು ಬೇರೆಯಾಗಿ ಎಣಿಸುತ್ತದೆ. ಬೇರೆಯಾಗಿ ಎಣಿಸಿದ ಮಾತ್ರಕ್ಕೆ ಅದು ಹಿಂಸೆಯಲ್ಲವೆಂದು ಹೇಳಿದಂತಾಗುವುದಿಲ್ಲ.

ಪರರ ಯುದ್ಧನೌಕೆಗಳು ಈ ಕರಾವಳಿಗೆ ಹೊಸತಲ್ಲ. ಹದಿನಾರನೆಯ ಶತಮಾನದಲ್ಲಿ ಗೇರುಸೊಪ್ಪೆಯ ಜೈನ ರಾಣಿ ಚೆನ್ನಭೈರಾದೇವಿ ಘಟ್ಟದ ಕಾಳುಮೆಣಸಿನ ವ್ಯಾಪಾರವನ್ನು ಆಳಿದಳು. ಪೋರ್ಚುಗೀಸರು ಅವಳನ್ನು 'ಮೆಣಸಿನ ರಾಣಿ' ಎಂದು ಕರೆದರು. ತಮ್ಮ ರಹದಾರಿ ಪತ್ರವಿಲ್ಲದೆ ಯಾವ ಹಡಗೂ ಸರಕು ಸಾಗಿಸಕೂಡದೆಂದು ಆ ಪರದೇಶಿಗಳು ಸಮುದ್ರದ ಮೇಲೆ ತೋಪುಗಳ ಬಲದಿಂದ ಕಟ್ಟಳೆ ಮಾಡಿದ್ದರು. ಒಂದು ಕಡೆಯವರ ಕೈಯಲ್ಲಿ ತೋಪಿದ್ದಾಗ ಕರಾರು ಕರಾರಾಗಿ ಉಳಿಯುವುದಿಲ್ಲ, ಕಪ್ಪವಾಗುತ್ತದೆ. ಸ್ವಂತ ನೌಕಾಬಲ ಬೇಕೆನ್ನುವವರ ವಾದಕ್ಕೆ ಈ ನೆಲದ ನೆನಪೇ ಸಾಕ್ಷಿ.

ಹಾಗೆಂದು ಆ ಬಲದ ಬೆಲೆಯನ್ನು ಡಾಲರಿನಲ್ಲಿ ಮಾತ್ರ ಎಣಿಸಿದರೆ ಲೆಕ್ಕ ಪೂರ್ಣವಾಗದು. 1986ರಲ್ಲಿ ಪ್ರಧಾನಿ ರಾಜೀವ್ ಗಾಂಧಿಯವರು ಅಡಿಗಲ್ಲಿಟ್ಟ 'ಸೀಬರ್ಡ್' ಯೋಜನೆಯ ನೆಲೆಗಾಗಿ ಕಾರವಾರ ಮತ್ತು ಅಂಕೋಲಾ ತಾಲೂಕುಗಳ ಕಡಲಂಚಿನ ಸಾವಿರಾರು ಕುಟುಂಬಗಳು ಗದ್ದೆ, ತೆಂಗಿನ ತೋಟ, ದೋಣಿ ಎಳೆಯುವ ದಂಡೆ, ದೇವಸ್ಥಾನಗಳನ್ನು ಬಿಟ್ಟು ಎದ್ದವು. 2005ರಲ್ಲಿ ನೆಲೆ ಕಾರ್ಯಾರಂಭ ಮಾಡಿತು. ಆದರೆ ಹೆಚ್ಚುವರಿ ಪರಿಹಾರಕ್ಕಾಗಿ ಆ ಕುಟುಂಬಗಳು ವರ್ಷಗಟ್ಟಲೆ ನ್ಯಾಯಾಲಯಗಳ ಮೆಟ್ಟಿಲು ಹತ್ತಬೇಕಾಯಿತು. ಸಾವಿರಾರು ಮೈಲಿ ದೂರದ ಕಾರ್ಖಾನೆಗೆ ಕೊಟ್ಟ ಮಾತನ್ನು ಯುದ್ಧದ ನಡುವೆಯೂ ಉಳಿಸಿಕೊಂಡ ದೇಶ, ತನ್ನ ಅಂಗಳದ ರೈತನಿಗೂ ಬೆಸ್ತನಿಗೂ ಕೊಟ್ಟ ಮಾತನ್ನು ಅಷ್ಟೇ ನಿಷ್ಠೆಯಿಂದ ನಡೆಸಿತೇ ಎಂಬ ಪ್ರಶ್ನೆ ಉಳಿಯುತ್ತದೆ. ಅವರೂ ತಮ್ಮ ಭೂಮಿಯನ್ನು ನಂಬಿಕೆಯ ಮೇಲೆಯೇ ಬಿಟ್ಟುಕೊಟ್ಟವರು.

ಬಸದಿಗೆ ಹಿರಿಯರು ಬಿಟ್ಟ ಉಂಬಳಿ, ನಿತ್ಯಪೂಜೆಗೆಂದು ಇಟ್ಟ ಠೇವಣಿ, ಗೇಣಿದಾರನಿಗೆ ಕೊಟ್ಟ ಬಾಯಿಮಾತು — ಇವೂ ನ್ಯಾಸಗಳೇ. ಬಲಿಷ್ಠನೊಡನೆ ಮಾಡಿದ ಕರಾರನ್ನು ಭಯವಾದರೂ ಉಳಿಸುತ್ತದೆ. ಕೇಳಲು ಶಕ್ತಿಯಿಲ್ಲದವನಿಗೆ ಕೊಟ್ಟ ಮಾತನ್ನು ಉಳಿಸುವುದು ವ್ರತವೊಂದೇ.