ಹಬೆಬಂಡಿ ಓಡಿದ ಹಾದಿ

ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ, ಬೀರೂರಿನಿಂದ. ಮೀಟರ್ ಗೇಜಿನ ಆ ಹಾದಿ ಮುಂದೆ ಹಂತಹಂತವಾಗಿ ಮಲೆನಾಡನ್ನು ಹೊಕ್ಕು, 1940ರ ಹೊತ್ತಿಗೆ ಜೋಗದ ಸಮೀಪದ ತಾಳಗುಪ್ಪವನ್ನು ಮುಟ್ಟಿತು.

ಭದ್ರಾವತಿಯ ಹಳಿಗಳ ಹುಟ್ಟು ಬೇರೆ ಬಗೆಯದು. 1918ರಲ್ಲಿ ಮೈಸೂರು ಸರ್ಕಾರವು ಅಲ್ಲಿ ಕಬ್ಬಿಣದ ಕಾರ್ಖಾನೆಯನ್ನು ಆರಂಭಿಸಿತು. ಅದಿರು ಕೆಮ್ಮಣ್ಣುಗುಂಡಿಯಲ್ಲಿತ್ತು, ಕಲ್ಲಿದ್ದಲು ಮಾತ್ರ ಬಹುದೂರ. ಆದುದರಿಂದ ಸುತ್ತಲಿನ ಕಾಡಿನ ಮರದಿಂದ ಇದ್ದಿಲು ಮಾಡಿ ಕುಲುಮೆಯನ್ನು ಉರಿಸಿದರು. 1923ರಲ್ಲಿ ಕಬ್ಬಿಣ ಹೊರಬಂತು. ಬೆಟ್ಟದ ಅದಿರು ರೋಪ್‌ವೇ ಮೂಲಕ ತಣಿಗೆಬೈಲಿಗೆ ಇಳಿದು, ಅಲ್ಲಿಂದ ಕಿರುರೈಲಿನಲ್ಲಿ ಭದ್ರಾವತಿಗೆ ಬರುತ್ತಿತ್ತು. ಕಾಡಿನ ಕಟ್ಟಿಗೆಯನ್ನು ಸಾಗಿಸಲೂ ಟ್ರಾಮ್ ಹಳಿಗಳಿದ್ದವು. ತರೀಕೆರೆಯಿಂದ ನರಸಿಂಹರಾಜಪುರಕ್ಕೂ ಎರಡು ಅಡಿ ಗೇಜಿನ ಪುಟ್ಟ ರೈಲು ಓಡುತ್ತಿತ್ತು. ಇವುಗಳಲ್ಲಿ ಒಂದೂ ಇಂದು ಓಡುವುದಿಲ್ಲ.

ಇವನ್ನು ಮತ್ತೆ ಓಡಿಸಿ ಪ್ರವಾಸಿಗರನ್ನು ಸೆಳೆಯಬಾರದೇ ಎಂದು ನನ್ನ ಹಳೆಯ ವಿದ್ಯಾರ್ಥಿಗಳು ಆಗಾಗ ಕೇಳುವುದುಂಟು. ನೀಲಗಿರಿಯ ಉದಾಹರಣೆ ಕಣ್ಣಮುಂದಿದೆ. 1908ರಲ್ಲಿ ಊಟಿಯನ್ನು ತಲುಪಿದ ಆ ರೈಲು 2005ರಲ್ಲಿ ವಿಶ್ವಪರಂಪರೆಯ ಪಟ್ಟಿಯನ್ನು ಸೇರಿತು. ಅಲ್ಲಿ ಹಳೆಯ ಹಳಿ ಉಳಿದಿತ್ತು. ನಮ್ಮ ತಾಳಗುಪ್ಪ ಮಾರ್ಗವು 2011ರಲ್ಲಿ ಬ್ರಾಡ್ ಗೇಜ್ ಆಯಿತು. ಸಾಗರದ ಜನರಿಗೆ ಬೆಂಗಳೂರಿನ ನೇರ ರೈಲು ದೊರೆತದ್ದು ಸಣ್ಣ ಲಾಭವೇನಲ್ಲ. ಅದನ್ನು ನಾನು ಆಕ್ಷೇಪಿಸಲಾರೆ. ಆದರೆ ಮೀಟರ್ ಗೇಜ್ ಹಳಿಯನ್ನು ಕಿತ್ತ ಮೇಲೆ ಆ ಕಾಲದ ಎಂಜಿನ್ನಿಗೆ ಹಾದಿಯೇ ಇಲ್ಲ.

ಆದರೂ ಅರಸಾಳಿನಲ್ಲಿ ಒಂದು ಒಳ್ಳೆಯ ಕೆಲಸ ನಡೆದಿದೆ. ಶಂಕರನಾಗ್ ಅವರ 'ಮಾಲ್ಗುಡಿ ಡೇಸ್' ಧಾರಾವಾಹಿಯ ರೈಲು ನಿಲ್ದಾಣ ಅದೇ. ಪಾಳುಬಿದ್ದಿದ್ದ ಹಳೆಯ ಕಟ್ಟಡವನ್ನು ದುರಸ್ತಿಗೊಳಿಸಿ ರೈಲ್ವೆ ಇಲಾಖೆಯು 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವನ್ನು ತೆರೆಯಿತು. ಧಾರಾವಾಹಿಗೆ ಕಲಾನಿರ್ದೇಶಕರಾಗಿದ್ದ ಜಾನ್ ದೇವರಾಜ್ ಅವರೇ ಅದನ್ನು ರೂಪಿಸಿದರು.

ಅರಸಾಳು ಉಳಿದದ್ದು ಕಥೆಯ ಬಲದಿಂದ. ಭದ್ರಾವತಿಯ ಬೆನ್ನಿಗೆ ಅಂಥ ಜನಪ್ರಿಯ ಕಥೆಯಿಲ್ಲ. ದುಡಿದವರ ನೆನಪು ಮಾತ್ರ ಇದೆ. 2023ರ ಜನವರಿಯಲ್ಲಿ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ ಹೊರಬಿದ್ದಾಗ ಊರೇ ಕಳವಳಗೊಂಡಿತು. ಅಳಿದುಳಿದ ಯಂತ್ರ, ನಕ್ಷೆ, ಭಾವಚಿತ್ರಗಳನ್ನು ಒಂದೆಡೆ ಕೂಡಿಸುವ ಕೆಲಸ ಇನ್ನು ತಡವಾಗಬಾರದು. ಅಲ್ಲಿ ಎಂಜಿನ್ನಿನ ಜೊತೆಗೆ ಕಟ್ಟಿಗೆ ಕಡಿದ ಕೂಲಿಯವರ ಬದುಕಿಗೂ, ಕರಗಿಹೋದ ಕಾಡಿಗೂ ಸ್ಥಳವಿರಬೇಕು.

ನಿಮ್ಮ ಮನೆಗಳಲ್ಲಿ ಕಾರ್ಖಾನೆಯಲ್ಲಿಯೋ ರೈಲ್ವೆಯಲ್ಲಿಯೋ ದುಡಿದ ಹಿರಿಯರಿದ್ದರೆ ಅವರ ಮಾತನ್ನು ಈಗಲೇ ಬರೆದಿಟ್ಟುಕೊಳ್ಳಿ. ದಿನಾಂಕ, ಊರಿನ ಹೆಸರು, ಮಾಡಿದ ಕೆಲಸ, ಇಷ್ಟಿದ್ದರೂ ಸಾಕು.