ಚೀನದೇಶದ ಶಿಲಾಲೇಖಗಳ ಲಿಪಿಸೌಂದರ್ಯ

ಅಕ್ಷರವು ಅರ್ಥವನ್ನು ತಿಳಿಸುವ ಸಾಧನವೆಂದು ಸಾಮಾನ್ಯವಾಗಿ ಎಣಿಸುವರು. ಚೀನದೇಶದ ಪಂಡಿತರಾದರೋ ಅಕ್ಷರದ ರೂಪದಲ್ಲಿಯೇ ಬರೆದವನ ಶೀಲವು ತೋರುವುದೆಂದು ಭಾವಿಸಿದರು. ಆದುದರಿಂದ ಅಲ್ಲಿಯ ಶಿಲಾಲೇಖಗಳು ಇತಿಹಾಸಕ್ಕೆ ಆಧಾರವಾಗಿರುವಂತೆಯೇ ಲಿಪಿಕಲೆಗೆ ಗುರುಸ್ಥಾನದಲ್ಲಿಯೂ ನಿಂತಿರುವುವು.

ಹಾನ್ ರಾಜವಂಶದ ಕೊನೆಗಾಲದಲ್ಲಿ ಲಿಪಿಕಾರರ ತಪ್ಪುಗಳಿಂದಲೂ, ಲಂಚವಿತ್ತು ರಾಜಭಂಡಾರದ ಪಾಠವನ್ನೇ ತಮ್ಮ ಪಾಠಕ್ಕೆ ಹೊಂದುವಂತೆ ತಿದ್ದಿಸುವವರಿಂದಲೂ ಪೂರ್ವಗ್ರಂಥಗಳು ಕೆಡುತ್ತಿದ್ದುವು. ತ್ಸೈ ಯುಂಗ್ ಮೊದಲಾದ ವಿದ್ವಾಂಸರು ಕ್ರಿ.ಶ. 175ರಲ್ಲಿ ಲಿಂಗ್ ಚಕ್ರವರ್ತಿಗೆ ಬಿನ್ನವಿಸಿ, ಶುದ್ಧಪಾಠವನ್ನು ಕಲ್ಲಿನಲ್ಲಿ ಕೆತ್ತಿಸಲು ಅಪ್ಪಣೆ ಪಡೆದರು. 183ರ ವೇಳೆಗೆ ಏಳು ಗ್ರಂಥಗಳು 46 ಶಿಲೆಗಳಲ್ಲಿ ಮೂಡಿ, ಲೋಯಾಂಗ್ ನಗರದ ರಾಜವಿದ್ಯಾಶಾಲೆಯ ಬಾಗಿಲ ಮುಂದೆ ನಿಂತುವು. ನೋಡಲೂ ಪ್ರತಿಮಾಡಿಕೊಳ್ಳಲೂ ಬಂದವರ ಬಂಡಿಗಳು ದಿನವೊಂದಕ್ಕೆ ಸಾವಿರಕ್ಕೂ ಮಿಕ್ಕು ಬೀದಿಗಳನ್ನು ತುಂಬಿದುವೆಂದು ಆ ವಂಶದ ಚರಿತ್ರೆಯು ಹೇಳುವುದು. 190ರಲ್ಲಿ ದಂಡನಾಯಕ ದೋಂಗ್ ಝ್ವೊ ಎಂಬವನು ಲೋಯಾಂಗನ್ನು ಸುಡಿಸಿದನು. ಈಗ ಆ ಶಿಲೆಗಳಲ್ಲಿ ಉಳಿದಿರುವುವು ತುಂಡುಗಳು ಮಾತ್ರ.

ಈ ತುಂಡುಗಳ ಅಕ್ಷರಗಳು ಸಮವಾಗಿಯೂ ಗಂಭೀರವಾಗಿಯೂ ಇರುವುವು. ಆದರೆ ಪಾಠಶುದ್ಧಿಯೇ ಗುರಿಯಾದುದರಿಂದ ಕುಂಚದ ಸ್ವೇಚ್ಛೆಗೆ ಅಲ್ಲಿ ಎಡೆ ಕಡಿಮೆ. ಅದನ್ನು ಕಾಣಬೇಕಾದರೆ ಅದೇ ಕಾಲದ ಬೇರೆ ಎರಡು ಶಿಲೆಗಳನ್ನು ನೋಡತಕ್ಕುದು. ತ್ಸಾವ್ ಚ್ವಾನ್ ಎಂಬ ಅಧಿಕಾರಿಯ ಕೀರ್ತಿಗಾಗಿ 185ರಲ್ಲಿ ನಿಲ್ಲಿಸಿದ ಶಿಲೆಯು ಬಹುಕಾಲ ಮಣ್ಣಿನಲ್ಲಿ ಹುದುಗಿದ್ದು, ಮಿಂಗ್ ವಂಶದ ವಾನ್‌ಲೀ ಚಕ್ರವರ್ತಿಯ ಆಳ್ವಿಕೆಯಲ್ಲಿ ದೊರೆಯಿತು. ಮಳೆಗಾಳಿಗಳ ಸವೆತಕ್ಕೆ ಹೆಚ್ಚು ಸಿಕ್ಕದ ಕಾರಣ ಅದರ ಅಡ್ಡಗೆರೆಗಳ ನಯವಾದ ಬಾಗು ಇಂದಿಗೂ ಸ್ಪಷ್ಟವಾಗಿದೆ. ಗೆರೆಯ ಮೊದಲು ರೇಷ್ಮೆಹುಳುವಿನ ತಲೆಯಂತೆ, ಕೊನೆಯು ಬಾನಕ್ಕಿಯ ಬಾಲದಂತೆ ಎಂದು ರಸಿಕರು ಈ ಲಿಪಿಯನ್ನು ವರ್ಣಿಸುವರು.

186ರ ಝಾಂಗ್ ಛಿಯೆನ್ ಶಿಲೆಯ ರೀತಿಯೇ ಬೇರೆ. ಅಲ್ಲಿಯ ಅಕ್ಷರಗಳು ಚೌಕವಾಗಿ, ಒರಟಾಗಿ, ಅಡಿಗಲ್ಲಿನಂತೆ ನೆಲೆಯೂರಿವೆ. ಬರೆದವನ ಹೆಸರು ಅದರಲ್ಲಿಲ್ಲ. ಕೆತ್ತಿದ ಸುನ್ ಶಿಂಗ್ ಎಂಬ ಕಲ್ಕುಟಿಗನ ಹೆಸರಿದೆ. ಒಂದೆಡೆ ಒಂದೇ ಅಕ್ಷರವು ಎರಡಾಗಿ ಸೀಳಿ ಕೆತ್ತಲ್ಪಟ್ಟಿರುವುದು. ಈ ದೋಷವನ್ನು ಹಿಡಿದು, 17ನೆಯ ಶತಮಾನದ ಗು ಯಾನ್‌ವು ಎಂಬ ಪಂಡಿತನು ಅದನ್ನು ಮರುಕೆತ್ತನೆಯೆಂದು ಶಂಕಿಸಿದನು. ಆದರೂ ಅದರ ಮೇಲಿನ ಆದರವು ಕುಂದಲಿಲ್ಲ.

ಹೀಗೆ ಪಾಠದ ಶುದ್ಧಿಯೂ ಲಿಪಿಯ ಸೊಬಗೂ ಯಾವಾಗಲೂ ಒಂದೆಡೆ ಸೇರಿರುವುದಿಲ್ಲ. ತಪ್ಪಿಲ್ಲದಂತೆ ಕೆತ್ತಿಸಿದ ಗ್ರಂಥಶಿಲೆಗಳು ನುಚ್ಚುನೂರಾದುವು. ತಪ್ಪುಳ್ಳ ಶಿಲೆಯು ಉಳಿದು ಗುರುವಾಯಿತು. ಕುಂಚ ಹಿಡಿದವನಷ್ಟೇ ಉಳಿ ಹಿಡಿದವನೂ ಆ ಸೊಬಗಿಗೆ ಹಕ್ಕುದಾರನೆಂಬುದು ಪಡಿಯಚ್ಚುಗಳನ್ನು ನೋಡುವ ವಿಚಾರವಂತರು ಮರೆಯಬಾರದ ಸಂಗತಿಯು.