ಕುಲುಮೆಗೆ ಬೇಡವಾಗಿದ್ದ ವೈಸು

ಯಮಕನಮರಡಿ ಇರುವುದು ಎರಡು ಎರಕದ ಊರುಗಳ ನಡುವಿನ ಹೆದ್ದಾರಿಯ ಮೇಲೆ. ತೆಂಕಣಕ್ಕೆ ಬೆಳಗಾವಿಯ ಉದ್ಯಮಬಾಗ, ಬಡಗಣಕ್ಕೆ ಕೊಲ್ಲಾಪುರದ ಶಿವಾಜಿ ಉದ್ಯಮನಗರ. ಎರಡೂ ಕಡೆ ಬೀಡು ಕಬ್ಬಿಣ ಕರಗಿಸಿ ಪಂಪು, ವಾಲ್ವು, ಮೋಟಾರು ವಾಹನಗಳ ಭಾಗಗಳನ್ನು ಹೊಯ್ಯುವ ಫೌಂಡ್ರಿಗಳಿವೆ. ಕಬ್ಬಿಣದ ತಿಳಿವಳಿಕೆಗೆ ಇಷ್ಟು ಹತ್ತಿರವಿರುವ ಸೀಮೆಯಲ್ಲೂ, ಮನೆಯ ಪಡಸಾಲೆಯ ಮೂಲೆಗೊಂದು ಬೆಂಚ್ ವೈಸು ಬೇಕೆಂದು ಅಂಗಡಿಗೆ ಹೋದವರು ಮೊದಲು ಕೇಳುವುದು ‘ಎಷ್ಟು ಕಿಲೋ ಐತಿ?’ ಎಂದೇ. ತೂಕ ಹೆಚ್ಚಿದ್ದರೆ ಮಾಲು ಗಟ್ಟಿ ಎಂಬ ನಂಬಿಕೆ. ಈ ಪ್ರಶ್ನೆ ಕುಲುಮೆಯ ಕಾಲದ್ದು. ವೈಸು ಕುಲುಮೆಯ ವಸ್ತುವಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದಲ್ಲಿ ಅದು ಬೇರೂರಿದ್ದು ಹೊಸದನ್ನು ಮಾಡುವುದಕ್ಕಲ್ಲ, ಬೇರೆಲ್ಲೋ ಮಾಡಿದ್ದನ್ನು ರಿಪೇರಿ ಮಾಡುವುದಕ್ಕೆ. ಯಾವ ವೈಸು ಒಳ್ಳೆಯದೆಂಬ ತೀರ್ಮಾನವನ್ನು ಈ ಇತಿಹಾಸವನ್ನು ಬಿಟ್ಟು ಮಾಡಲಾಗದು.

ಹಳೆಯ ಹಳ್ಳಿಯ ಕಮ್ಮಾರನ ಸಾಮಾನು ನೆನಪಿಸಿಕೊಳ್ಳಿ: ತಿದಿ, ಅಡಿಗಲ್ಲು, ಸುತ್ತಿಗೆ, ಚಮ್ಮಟಿಗೆ, ಇಕ್ಕಳ, ಅರ. ಸುಗ್ಗಿಯಲ್ಲಿ ಆಯದ ಕಾಳು ಪಡೆದು, ವರ್ಷವಿಡೀ ರಂಟೆಯ ಕುಳ ಹಣಿಯುತ್ತ, ಕುಂಟೆಯ ಕುಡ ಸರಿಮಾಡುತ್ತ, ಕುಡುಗೋಲಿಗೆ ಹಲ್ಲು ಹಾಕುತ್ತ ಇದ್ದವನು ಅವನು. ಇಷ್ಟೆಲ್ಲ ಕೆಲಸದಲ್ಲಿ ವೈಸಿಗೆ ಜಾಗವೇ ಇರಲಿಲ್ಲ. ಕೆಂಪಗೆ ಕಾದ ಕಬ್ಬಿಣವನ್ನು ಇಕ್ಕಳ ಹಿಡಿಯುತ್ತದೆ. ಪೆಟ್ಟು ಪೆಟ್ಟಿಗೂ ಅದು ತಿರುಗಬೇಕು, ಹೊರಳಬೇಕು, ಮತ್ತೆ ಬೆಂಕಿಗೆ ಹೋಗಬೇಕು. ಅಲ್ಲಾಡದಂತೆ ಬಿಗಿಯುವ ಸಾಧನ ಅಲ್ಲಿ ಅಡ್ಡಿಯೇ. ಇನ್ನೊಂದು ಮಾತೂ ಇದೆ: ನಮ್ಮ ಕಮ್ಮಾರ, ಬಡಿಗ, ಅಕ್ಕಸಾಲಿಗ ಎಲ್ಲರೂ ಬಹುಮಟ್ಟಿಗೆ ಕೂತು ಕೆಲಸ ಮಾಡಿದವರು. ಅಂಗಾಲು, ಹೆಬ್ಬೆರಳು, ಮೊಣಕಾಲುಗಳೇ ಅವರ ಹಿಡಿತ. ಗೋಕಾಕದ ಗೊಂಬೆ ಕೆಲಸದವರು ಹಗುರ ಮರದಲ್ಲಿ ಹಣ್ಣು, ತರಕಾರಿ ಕೆತ್ತುವುದಕ್ಕೂ ಬೆಂಚು ಬೇಕಾಗಲಿಲ್ಲ. ಬೆಂಚು ನಿಂತು ಕೆಲಸ ಮಾಡುವವರ ವಸ್ತು. ವೈಸಿನ ದವಡೆ ನಿಂತವನ ಮೊಣಕೈ ಮಟ್ಟಕ್ಕಿರಬೇಕು ಎಂಬ ಫಿಟ್ಟರುಗಳ ಲೆಕ್ಕದಲ್ಲೇ ಆ ಗುಟ್ಟು ಅಡಗಿದೆ. ಕೂತು ದುಡಿದ ನಾಡು ಎದ್ದು ನಿಂತಾಗ ವೈಸು ಬಂತು.

ಎದ್ದು ನಿಲ್ಲಿಸಿದ್ದು ಯಂತ್ರ. ಗೋಕಾಕ ಜಲಪಾತದಲ್ಲಿ ಘಟಪ್ರಭೆ ಸುಮಾರು 52 ಮೀಟರ್ ಧುಮುಕುತ್ತದೆ. ಆ ಬೀಳುವ ನೀರಿನ ಬಲವನ್ನೇ ನಂಬಿ 1885ರಲ್ಲಿ ಕಂಪನಿಯೊಂದು ಹುಟ್ಟಿತು. ಎರಡೇ ವರ್ಷಕ್ಕೆ ನೂಲಿನ ಗಿರಣಿ ತಿರುಗತೊಡಗಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಸದರ್ನ್ ಮರಾಠಾ ರೈಲ್ವೆಯ ಹಳಿ ಈ ಭಾಗಕ್ಕೆ ಬಂತು. ಗಿರಣಿಯ ಕದಿರಾಗಲಿ ರೈಲಿನ ಬೇರಿಂಗಾಗಲಿ, ಮುರಿದರೆ ಬದಲಿ ಭಾಗ ಹಡಗು ಹತ್ತಿ ಬರುವವರೆಗೆ ಕಾಯಲು ಆಗದು. ಬಂದ ಭಾಗವೂ ಇದ್ದಂತೆ ಕೂರುತ್ತದೆಂಬ ಖಾತ್ರಿ ಇಲ್ಲ. ಅರದಿಂದ ತುಸು ತುಸುವೇ ಉಜ್ಜಿ ಕೂರಿಸಬೇಕು. ಅರ ಕೊಡುವವನಿಗೆ ಎರಡು ಕೈಯೂ ಬೇಕು, ವಸ್ತು ಕೂದಲೆಳೆಯಷ್ಟೂ ಅಲುಗಬಾರದು. ತಣ್ಣಗಿನ ಕಬ್ಬಿಣದ ಈ ಕೆಲಸಕ್ಕೆ ‘ಫಿಟ್ಟಿಂಗ್’ ಎಂಬ ಹೆಸರು ಬಂದದ್ದು ಸುಮ್ಮನೆ ಅಲ್ಲ. ಕಮ್ಮಾರ ರೂಪ ಕೊಡುತ್ತಿದ್ದ, ಫಿಟ್ಟರು ಹೊಂದಿಸುತ್ತಿದ್ದ.

ಇದಕ್ಕೆ ಎದುರಾಗಿ ಹೇಳಬಹುದಾದ ಮಾತೂ ಇದೆ. ಕಮ್ಮಾರನೂ ರಿಪೇರಿಯನ್ನೇ ಮಾಡುತ್ತಿದ್ದನಲ್ಲ, ಸವೆದ ಕುಳಕ್ಕೆ ಹೊಸ ತುದಿ ಹಚ್ಚುತ್ತಿದ್ದವನು ಅವನೇ ಅಲ್ಲವೇ? ಹೌದು. ಆದರೆ ಅವನು ರಿಪೇರಿ ಮಾಡಿದ ಕುಳ ಒಂದೇ ಒಂದು ರಂಟೆಗೆ ಸೇರಿದ್ದು; ಅರ್ಧ ಬೆರಳು ಉದ್ದವಾದರೂ ಬಡಿಗ ಮರ ಕೆತ್ತಿ ಸರಿಮಾಡಿಕೊಳ್ಳುತ್ತಿದ್ದ. ಬೋಲ್ಟು, ನಟ್ಟು, ಬುಷ್ ಇರುವ ಯಂತ್ರ ಹಾಗೆ ಹೊಂದಿಕೊಳ್ಳುವುದಿಲ್ಲ. ಯುರೋಪಿನ ಕಮ್ಮಾರರಲ್ಲಿ ವೈಸು ಶತಮಾನಗಳಿಂದ ಇತ್ತಲ್ಲ ಎಂದೂ ಕೇಳಬಹುದು. ಇತ್ತು, ಅದು ನೆಲದವರೆಗೆ ಉದ್ದ ಕಾಲು ಇಳಿಬಿಟ್ಟ, ಬಡಿದು ಮಾಡಿದ ವೈಸು. ಪೆಟ್ಟಿನ ಭಾರ ಕಾಲಿನ ಮೂಲಕ ನೆಲಕ್ಕೆ ಇಳಿಯುತ್ತದೆ, ಹಾಗಾಗಿ ಸುತ್ತಿಗೆಗೆ ಅಂಜುವುದಿಲ್ಲ. ಅದರ ದವಡೆ ಮಾತ್ರ ಕತ್ತರಿಯ ಹಾಗೆ ಕೀಲಿನ ಮೇಲೆ ತೆರೆದುಕೊಳ್ಳುವುದರಿಂದ ದಪ್ಪ ವಸ್ತುವನ್ನು ಸಮಾನಾಂತರವಾಗಿ ಹಿಡಿಯಲಾರದು. ಇಂದು ಅಂಗಡಿಯಲ್ಲಿ ಸಿಗುವ, ಒಂದು ದವಡೆ ಇನ್ನೊಂದರ ಎದುರಿಗೆ ನೇರವಾಗಿ ಸರಿಯುವ ಬೀಡಿನ ವೈಸು ಹತ್ತೊಂಬತ್ತನೆಯ ಶತಮಾನದ ಕಾರ್ಖಾನೆಯ ಕೂಸು. ಎರಡನ್ನೂ ಒಂದೇ ಎಂದುಕೊಂಡದ್ದರಿಂದಲೇ ಬೀಡಿನ ವೈಸಿನ ಮೇಲೆ ಚಮ್ಮಟಿಗೆ ಬೀಸಿ ಸೀಳಿಸಿಕೊಳ್ಳುವವರು ಇಂದಿಗೂ ಇದ್ದಾರೆ.

ಗಿರಣಿಯ ಗೋಡೆಯೊಳಗಿದ್ದ ಈ ಫಿಟ್ಟಿಂಗ್ ಕೆಲಸ ಹೊಲಕ್ಕೆ ದಾಟಿದ ಕಥೆಯಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಹೆಸರು ಬಾರದೆ ಇರದು. ಮುಂಬಯಿಯ ವಿಕ್ಟೋರಿಯಾ ಜುಬಿಲಿ ಸಂಸ್ಥೆಯಲ್ಲಿ ಪಾಠ ಹೇಳಿದವರು, ಬೆಳಗಾವಿಯಲ್ಲಿ ಅಣ್ಣನೊಂದಿಗೆ ಸೈಕಲ್ ಅಂಗಡಿ ನಡೆಸಿದರು, ಮೇವು ಕತ್ತರಿಸುವ ಯಂತ್ರ ಮಾಡಿದರು, ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಕಬ್ಬಿಣದ ನೇಗಿಲಿಗೆ ಕೈಹಾಕಿದರು. ಕಬ್ಬಿಣ ತಾಗಿದರೆ ಮಣ್ಣಿಗೆ ವಿಷವಾಗುತ್ತದೆಂದು ರೈತರು ಹಿಂಜರಿದರು ಎಂಬ ಮಾತು ಪ್ರಸಿದ್ಧ. ಬೆಳಗಾವಿಯಲ್ಲಿ ಜಾಗ ತಪ್ಪಿದಾಗ ಅವರು ಔಂಧ ಸಂಸ್ಥಾನಕ್ಕೆ ಹೋದರು. 1910ರಲ್ಲಿ ಕಿರ್ಲೋಸ್ಕರವಾಡಿ ಹುಟ್ಟಿತು. ರೈತರ ಹಿಂಜರಿಕೆಯನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ನನಗೆ ಪೂರ್ತಿ ಸರಿ ಕಾಣದು. ಮರದ ರಂಟೆ ಮುರಿದರೆ ಊರಿನ ಬಡಿಗನೇ ಸಾಕು. ಬೀಡಿನ ನೇಗಿಲು ಮುರಿದರೆ ಕಮ್ಮಾರನ ಕುಲುಮೆಯೂ ಅದನ್ನು ಬೆಸೆಯಲಾರದು, ಏಕೆಂದರೆ ಬೀಡು ಬಡಿದರೆ ಬಾಗುವುದಿಲ್ಲ, ಒಡೆಯುತ್ತದೆ. ಅಂಥ ನೇಗಿಲು ಕೊಂಡವನು ಬಿಡಿ ಭಾಗದ ಅಂಗಡಿಯನ್ನೂ ಬೋಲ್ಟು ಬಿಚ್ಚಿ ಕೂರಿಸುವವನನ್ನೂ ಜೊತೆಗೇ ಕೊಂಡ ಹಾಗೆ. ಅವೆರಡೂ ಇಲ್ಲದ ಊರಿನಲ್ಲಿ ಅನುಮಾನ ಜಾಣತನವೇ.

ಅವೆರಡೂ ಬಂದದ್ದು ನೀರು ಮತ್ತು ಕರೆಂಟಿನೊಂದಿಗೆ. ಧೂಪದಾಳದ ಒಡ್ಡು 19ನೆಯ ಶತಮಾನದ ಕೊನೆಗೇ ಕಾಲುವೆಗೆ ನೀರು ತಿರುಗಿಸಿತ್ತು. ಹಿಡಕಲ್ ಜಲಾಶಯ 1970ರ ದಶಕದಲ್ಲಿ ತುಂಬಿತು. ಕಬ್ಬು ಹರಡಿತು, ಗಾಣ ಹೆಚ್ಚಿದವು. 1969ರಲ್ಲಿ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಸ್ಥಾಪನೆಯಾಯಿತು. ದೇಶದಲ್ಲಿ ಪ್ರಯೋಗಕ್ಕೆಂದು ಆರಿಸಿದ ಮೊದಲ ಐದು ಇಂಥ ಸಂಘಗಳಲ್ಲಿ ಇದೂ ಒಂದು. ಗುಜರಾತಿನ ಕೋಡಿನಾರ, ಮಹಾರಾಷ್ಟ್ರದ ಮುಳಾ-ಪ್ರವರಾ, ಅಂದಿನ ಆಂಧ್ರದ ಸಿರಿಸಿಲ್ಲ, ಉತ್ತರ ಪ್ರದೇಶದ ಲಖನೌ ಉಳಿದವು. ತಂತಿ ಹೋದಲ್ಲೆಲ್ಲ ಪಂಪ್‌ಸೆಟ್ಟು, ಪಂಪ್‌ಸೆಟ್ಟು ಹೋದಲ್ಲೆಲ್ಲ ಸುಟ್ಟ ಮೋಟಾರು, ಸವೆದ ಬುಷ್, ಸಡಿಲಾದ ಶಾಫ್ಟಿನ ಚಾವಿ, ಕಚ್ಚಿಕೊಂಡ ಫುಟ್‌ವಾಲ್ವು. ಇದನ್ನೆಲ್ಲ ಹಿಡಿಯಲು ಇಕ್ಕಳ ಸಾಲದು. ಮೋಟಾರು ರಿವೈಂಡಿಂಗ್ ಅಂಗಡಿಯಿಂದ ಹಿಡಿದು ಹೊಲದ ಮನೆಯವರೆಗೆ ವೈಸು ಹರಡಿದ ದಾರಿ ಇದು.

ಇಲ್ಲಿಂದ ಆಯ್ಕೆಯ ಪ್ರಶ್ನೆಗೆ ಬರೋಣ. ರಿಪೇರಿಗೆ ಬೇಕಾದದ್ದು ಹಿಡಿತದ ನಿಖರತೆ ಮತ್ತು ವೈಸನ್ನೇ ರಿಪೇರಿ ಮಾಡುವ ಅನುಕೂಲ. ತೂಕ ಎರಡರಲ್ಲಿ ಯಾವುದಕ್ಕೂ ಸಾಕ್ಷಿಯಲ್ಲ. ಬೀಡಿನ ಗುಣವೇ ಹಾಗೆ: ಒತ್ತಿದರೆ ತಾಳುತ್ತದೆ, ಎಳೆದರೆ ಬಿರಿಯುತ್ತದೆ. ವೈಸು ಬಿಗಿಯುವಾಗ ದವಡೆಯ ಬುಡ ಎಳೆತಕ್ಕೇ ಸಿಗುತ್ತದೆ. ಆ ಬುಡದಲ್ಲಿ ಗಾಳಿಗುಳ್ಳೆ ಇದ್ದರೆ ಉಳಿದ ಹತ್ತು ಕಿಲೋ ಕಟ್ಟಿಕೊಂಡು ಏನು ಮಾಡುವುದು? ಅದನ್ನು ಪುಟ್ಟಿ ಮೆತ್ತಿ ನೀಲಿ ಬಣ್ಣದ ಕೆಳಗೆ ಅಡಗಿಸುವುದು ಕಷ್ಟವೇನಲ್ಲ. ದಪ್ಪ ಬಣ್ಣದ ವೈಸನ್ನು ಅನುಮಾನದಿಂದಲೇ ನೋಡಬೇಕು. ಬಲದ ಲೆಕ್ಕವನ್ನೂ ನೋಡಿ. ಒಂದು ಸುತ್ತು ತಿರುಗಿದರೆ 5 ಮಿಲಿಮೀಟರ್ ಸರಿಯುವ ತಿರುಪಿನ ನಡುವಿನಿಂದ 200 ಮಿಲಿಮೀಟರ್ ದೂರದಲ್ಲಿ ಹಿಡಿಕೆಯನ್ನು 20 ಕಿಲೋ ಬಲದಿಂದ ತಿರುಗಿಸಿದರೆ, ಮುಕ್ಕಾಲಿಗಿಂತ ಹೆಚ್ಚು ತಿಕ್ಕಾಟಕ್ಕೆ ಹೋದರೂ ದವಡೆಗಳ ನಡುವೆ ಸುಮಾರು ಒಂದು ಟನ್ ಒತ್ತಡ ಉಳಿಯುತ್ತದೆ. ಮನೆಯ ಕೆಲಸಕ್ಕೆ ಅದು ಧಾರಾಳ. ಹಿಡಿಕೆಗೆ ಪೈಪು ತೊಡಿಸಿ ಜಗ್ಗುವವರಿಗೆ ಎಷ್ಟು ಕಿಲೋದ ವೈಸೂ ಸಾಲುವುದಿಲ್ಲ.

ಹಾಗಾದರೆ ಹಳೆಯ ಬ್ರಿಟಿಷ್ ವೈಸನ್ನೇ ಗುಜರಿಯಿಂದ ತರಬಾರದೇಕೆ ಎನ್ನುವವರಿದ್ದಾರೆ. ಶೆಫೀಲ್ಡಿನ ರೆಕಾರ್ಡ್, ಶಿಪ್ಲಿಯ ಪಾರ್ಕಿನ್ಸನ್ ಹೆಸರುಗಳಿಗೆ ಇರುವ ಗೌರವ ಸುಳ್ಳಲ್ಲ. ಆದರೆ ಹೆಸರು ದವಡೆಯ ಮೇಲೆ ಉಳಿದಿರುತ್ತದೆ, ಸವೆತ ಒಳಗೆ ಇರುತ್ತದೆ. ಹಳೆಯದಾಗಲಿ ಹೊಸದಾಗಲಿ ಪರೀಕ್ಷೆ ಒಂದೇ. ದವಡೆಯನ್ನು ಅರ್ಧ ತೆರೆದು ಎಡಬಲಕ್ಕೆ, ಮೇಲೆ ಕೆಳಗೆ ಅಲ್ಲಾಡಿಸಬೇಕು. ಜಾರುವ ಭಾಗ ಗಡಗಡ ಎಂದರೆ ಬಿಗಿದಾಗ ದವಡೆ ಮೇಲಕ್ಕೆ ಎತ್ತಿಕೊಳ್ಳುತ್ತದೆ. ಎರಡು ತುದಿಗೂ ಒಂದೊಂದು ತೆಳು ಕಾಗದದ ಚೂರು ಇಟ್ಟು ಮೆಲ್ಲಗೆ ಬಿಗಿದು ಎಳೆಯಬೇಕು. ಒಂದು ಬಂದು ಇನ್ನೊಂದು ಬಾರದಿದ್ದರೆ ದವಡೆ ಸಮಾನಾಂತರವಾಗಿಲ್ಲ. ದವಡೆಯ ಉಕ್ಕಿನ ಪಟ್ಟಿಗಳನ್ನು ಸ್ಕ್ರೂ ಬಿಚ್ಚಿ ಬದಲಿಸಲು ಬರಬೇಕು. ಅಗಲ 100 ಮಿಲಿಮೀಟರ್ ಇದ್ದರೆ ಪಂಪಿನ ಬಹುಪಾಲು ಕೆಲಸ ನಡೆಯುತ್ತದೆ. 125 ಇದ್ದರೆ ಇನ್ನೂ ಅನುಕೂಲ, ಬೆಂಚು ಅಷ್ಟು ಗಟ್ಟಿಯಿದ್ದರೆ.

ಎಲ್ಲಕ್ಕಿಂತ ಮೊದಲು ನೋಡಬೇಕಾದ್ದನ್ನು ಯಾರೂ ಬಗ್ಗಿ ನೋಡುವುದಿಲ್ಲ: ತಿರುಪು ಒಳಗೆ ಓಡುವ ನಟ್ಟು. ವೈಸಿನ ಆಯಸ್ಸು ಇರುವುದು ಅದರ ಹಲ್ಲಿನಲ್ಲಿ. ಅದು ಬೇರೆಯೇ ತುಂಡಾಗಿ ಬೋಲ್ಟಿನಿಂದ ಕೂತಿದ್ದರೆ ಹಲ್ಲು ಹೋದ ದಿನ ಅದೊಂದನ್ನೇ ಬದಲಿಸಬಹುದು. ಮೈಯೊಂದಿಗೇ ಎರಕವಾಗಿದ್ದರೆ ಆ ದಿನವೇ ಇಡೀ ವೈಸು ಗುಜರಿ. ಬೆಳಗಾವಿ, ಕೊಲ್ಲಾಪುರದ ಎರಕದವರು ಮಾದರಿ ಕೊಟ್ಟರೆ ಯಾವ ನಟ್ಟನ್ನಾದರೂ ಹೊಯ್ದುಕೊಟ್ಟಾರು, ಲೇತಿನವನು ಹಲ್ಲು ಕಡಿದುಕೊಟ್ಟಾನು. ಅದಕ್ಕೆ ನಟ್ಟು ಮೊದಲು ಬಿಚ್ಚಿ ಕೈಗೆ ಬರುವಂತಿರಬೇಕು.